ಗ್ಯಾಸ್ ಗೀಸರ್ ಟಿಕ್ ಟಿಕ್ ಅನ್ನುತ್ತೆ, ಹೊತ್ತಿಕೊಳ್ಳುತ್ತಿಲ್ಲ

ಪ್ರಶ್ನೆ: ನಮಸ್ಕಾರ ಅಣ್ಣಾ. ನಾವು ಬೆಳಗಾವಿ ಅನಗೋಳದವರು. ಮೂರು ದಿನದಿಂದ ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲ. ನಳ ತಿರುಗಿಸಿದರೆ ಟಿಕ್ ಟಿಕ್ ಸದ್ದು ಬರುತ್ತೆ, ಕಿಡಿಯೂ ಕಾಣುತ್ತೆ, ಉರಿ ಮಾತ್ರ ಇಲ್ಲ. ಸಿಲಿಂಡರ್ ತುಂಬಿದೆ. ಸೆಲ್ಲೂ ಬದಲಿಸಿದ್ದೇವೆ. ಅತ್ತೆಗೆ ಎಂಬತ್ತು ವರ್ಷ, ಈ ಚಳಿಯಲ್ಲಿ ತಣ್ಣೀರು ಆಗಲ್ಲ. ಒಲೆ ಮೇಲೆ ನೀರು ಕಾಸಿ ಕೊಡುತ್ತಿದ್ದೇನೆ.

ಉತ್ತರ: ಅಕ್ಕಾ, ಕಿಡಿ ಬರುತ್ತಿದೆ ಅಂದರೆ ಟಾಕಿ ನೀರಿನ ರಭಸ ಸರಿ ಇದೆ. ನೀರು ಒಳಗಿನ ರಬ್ಬರ್ ಪರದೆಯನ್ನು ಒತ್ತಿದ ಮೇಲೆಯೇ ಸ್ವಿಚ್ಚು ಕೂಡಿ ಕಿಡಿ ಬರೋದು. ಹಾಗಾಗಿ ಗ್ಯಾಸ್ ಬರೋ ಕಡೆ ನೋಡಬೇಕು. ಆದರೆ ಅದಕ್ಕೂ ಸೆಲ್ಲೇ ಕಾರಣ ಇರಬಹುದು, ಬಹಳ ಜನ ಇಲ್ಲೇ ಎಡವುತ್ತಾರೆ. ಎರಡು ದೊಡ್ಡ ಸೆಲ್ ಸೇರಿ 3 ವೋಲ್ಟ್. ಕಿಡಿಗೆ ಸ್ವಲ್ಪ ಕರೆಂಟ್ ಸಾಕು. ಗ್ಯಾಸ್ ಬಿಡುವ ವಾಲ್ವ್ ಎಳೆಯೋಕೆ ಜಾಸ್ತಿ ಬೇಕು. ಸೆಲ್ ಸೋತರೆ ಟಿಕ್ ಟಿಕ್ ಕೇಳುತ್ತೆ, ವಾಲ್ವ್ ತೆರೆಯಲ್ಲ.

ಎರಡೂ ಸೆಲ್ ಒಟ್ಟಿಗೇ ಬದಲಿಸಿದ್ರಾ? ಸೆಲ್ ಕೂರುವ ಡಬ್ಬಿಯ ಸ್ಪ್ರಿಂಗ್ ಹೇಗಿದೆ? ಗ್ಯಾಸ್ ವಾಸನೆ ಬಂತಾ? ಇನ್ನೊಂದು, ಗೀಸರ್ ಎಲ್ಲಿ ಕೂಡಿಸಿದ್ದೀರಿ?

ಪ್ರಶ್ನೆ: ಒಂದೇ ಸೆಲ್ ಹೊಸದು, ಅಂಗಡಿಯಲ್ಲಿ ಒಂದೇ ಇತ್ತು. ಸ್ಪ್ರಿಂಗ್ ತುದಿಗೆ ಹಸಿರು ಪುಡಿ ಹತ್ತಿದೆ, ಉಗುರಿನಿಂದ ಕೆರೆದರೆ ಉದುರುತ್ತೆ. ವಾಸನೆ ಇಲ್ಲ. ಗೀಸರ್ ಬಚ್ಚಲಲ್ಲೇ ಇದೆ. ಚಳಿಗೆ ಅಂತ ಕಿಡಕಿಗೆ ರಟ್ಟು ಹಚ್ಚಿದ್ದೇವೆ.

ಉತ್ತರ: ಅಕ್ಕಾ, ಮೊದಲು ಆ ರಟ್ಟು ತೆಗೆಯಿರಿ. ಗೀಸರ್ ಆಮೇಲೆ. ಮುಚ್ಚಿದ ಬಚ್ಚಲಲ್ಲಿ ಉರಿ ಹತ್ತಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಆಗುತ್ತೆ. ಸಿಲಿಂಡರ್ ಗ್ಯಾಸಿಗೆ ಗೊತ್ತಾಗಲಿ ಅಂತ ವಾಸನೆ ಬೆರೆಸಿರುತ್ತಾರೆ. ಈ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿ, ವಾಕರಿಕೆ ಬಂದು, ಬಾಗಿಲು ತೆಗೆಯೋಕೂ ಶಕ್ತಿ ಇಲ್ಲದಂತೆ ಕುಸಿಯುತ್ತಾರೆ. ವಯಸ್ಸಾದವರು ಒಳಗಿದ್ದಾಗ ನಂಗೆ ಇದೇ ಹೆದರಿಕೆ. ಗೀಸರ್ ಹೊರಗಿನ ಗೋಡೆಗೆ ಸಾಗಿಸಿ. ಅಲ್ಲಿವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಬಂದ್ ಮಾಡಿ, ಸ್ವಲ್ಪ ಗಾಳಿ ಆಡಿದ ಮೇಲೆ ಅತ್ತೆಯವರನ್ನು ಒಳಗೆ ಕಳಿಸಿ.

ಇನ್ನು ಸೆಲ್. ಸಿಲಿಂಡರ್ ಬಂದ್ ಮಾಡಿ, ಎರಡೂ ಸೆಲ್ ತೆಗೆಯಿರಿ. ಸ್ಪ್ರಿಂಗನ್ನು ಸ್ಯಾಂಡ್ ಪೇಪರ್‌ನಿಂದ ಹೊಳೆಯುವವರೆಗೆ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ, ಕೈ ತೊಳೆಯಿರಿ. ಎರಡೂ ಹೊಸ ಸೆಲ್ ಹಾಕಿ. ಹಳೇದನ್ನು ಹೊಸದರ ಜೊತೆ ಹಾಕಿದರೆ ಹೊಸದೂ ಬೇಗ ಸೋಲುತ್ತೆ. ಅಷ್ಟಕ್ಕೂ ಹತ್ತದಿದ್ದರೆ ಸುಮ್ನೆ ಮತ್ತೆ ಮತ್ತೆ ನಳ ತಿರುಗಿಸಬೇಡಿ, ಮೆಕ್ಯಾನಿಕ್ ಕರೆಯಿರಿ. ಗ್ಯಾಸ್ ವಾಸನೆ ಬಂದರೆ ಕರೆಂಟ್ ಸ್ವಿಚ್ ಮುಟ್ಟಬೇಡಿ. ಸಿಲಿಂಡರ್ ಬಂದ್ ಮಾಡಿ ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಕೂರುತ್ತೆ.

ಪ್ರಶ್ನೆ: ಮೊದಲ ಸಲಕ್ಕೇ ಭುಸ್ ಅಂತ ಹೊತ್ತಿತು ಅಣ್ಣಾ! ರಟ್ಟು ತೆಗೆದೆವು. ಹಿತ್ತಲ ಗೋಡೆಗೆ ಹಾಕಿಸೋಕೆ ಭಾನುವಾರ ಪ್ಲಂಬರ್ ಬರುತ್ತಾರೆ. ಅವರಿಗೆ ಏನಾದರೂ ಹೇಳಬೇಕಾ?

ಉತ್ತರ: ಹೌದು ಅಕ್ಕಾ. ನಮ್ಮೂರಿನ ಮಳೆ ಗೊತ್ತಲ್ವಾ, ಮೇಲೆ ತಗಡಿನ ಸೂರು ಬೇಕು. ಆದರೆ ಹೊಗೆ ಹೋಗೋ ಬಾಯಿ ಮುಚ್ಚಬಾರದು. ಗ್ಯಾಸ್ ಪೈಪಿನ ಮೇಲೆ ವರ್ಷ ಬರೆದಿರುತ್ತೆ, ನೋಡಿ. 5 ವರ್ಷ ದಾಟಿದ್ದರೆ ಹೊಸದು ಹಾಕಿಸಿ.