ಸಿಂಹಕ್ಕೆ ಹುಬ್ಬು ಬೇಕೋ ಬೇಡವೋ

ಗುಂಪು: ಅನಿಮೇಶನ್ ಡಿಪ್ಲೊಮಾ ಹಳೇ ಬ್ಯಾಚ್ (ಮೇಷ್ಟ್ರೂ ಇದ್ದಾರೆ)

ಗಿರೀಶ, ಬೆಳಿಗ್ಗೆ 7:42
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಪೋಷಕರೇ ಎಚ್ಚರ!! ಹೊಸ 'ಲಯನ್ ಕಿಂಗ್' ಸಿನಿಮಾ ಮನುಷ್ಯರು ಮಾಡಿದ್ದಲ್ಲ. ಹಳೇ ಕಾರ್ಟೂನನ್ನು ಎಐಗೆ ಹಾಕಿ ಒಂದು ಬಟನ್ ಒತ್ತಿದರು, ನಿಜವಾದ ಸಿಂಹಗಳು ಬಂದವು! ಇನ್ನು ಅನಿಮೇಶನ್ ಕಲಿತವರಿಗೆ ಕೆಲಸವೇ ಇಲ್ಲ. ಮಕ್ಕಳನ್ನು ಈ ಕೋರ್ಸಿಗೆ ಸೇರಿಸಬೇಡಿ. ಹತ್ತು ಜನಕ್ಕೆ ಕಳಿಸಿ.

ಗಿರೀಶ, 7:43
ನಾನು ಯಾವಾಗಿಂದ ಹೇಳ್ತಾ ಇದೀನಿ. ಒಬ್ಬರಾದ್ರೂ ಕೇಳಿದ್ರಾ?

ನಾಗರಾಜ, 7:50
ಕರೆಕ್ಟ್ ಗುರು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕ್ದೆ.

ಶ್ರುತಿ, 8:05
ಇದರ ಮೂಲ ಎಲ್ಲಿ? ಬರೆದಿದ್ದು ಯಾರು? 'ಹೊಸ' ಅಂದ್ರೆ 2019ರದ್ದಾ, 2024ರ ಮುಫಾಸಾನಾ? 2019ರಲ್ಲಿ ಬಟನ್ ಒತ್ತಿದ್ರೆ ಇಡೀ ಸಿನಿಮಾ ಕೊಡೋ ಎಐ ಎಲ್ಲಿತ್ತು? ಗಿರೀಶ, ಕಳಿಸೋ ಮುಂಚೆ ಪೂರ್ತಿ ಓದಿದ್ಯಾ?

ಗಿರೀಶ, 8:07
ನಿಂದು ಯಾವಾಗ್ಲೂ ಇದೇ. ಕೊರೊನಾ ಟೈಮಲ್ಲಿ ಕಷಾಯದ ಮೆಸೇಜಿಗೂ ಮೂಲ ಕೇಳಿದ್ದೆ.

ಶ್ರುತಿ, 8:07
ಕೇಳಿದ್ದೆ. ನೀನು ಕೊಡ್ಲಿಲ್ಲ.

ಇಮ್ರಾನ್, 8:21
ಕಷಾಯ ಬಿಡ್ರಪ್ಪ. 2019ರ ಸಿನಿಮಾದಲ್ಲಿ ನಿಜವಾದ ಕ್ಯಾಮೆರಾದಲ್ಲಿ ತೆಗೆದದ್ದು ಒಂದೇ ಶಾಟ್, ಶುರುವಿನ ಸೂರ್ಯೋದಯ. ನಿರ್ದೇಶಕ ಜಾನ್ ಫಾವ್ರೊ ತಾವೇ ಹೇಳಿದ್ದಾರೆ. ಮಿಕ್ಕಿದ್ದೆಲ್ಲ ಕಂಪ್ಯೂಟರಿನಲ್ಲಿ ಕೂತು ಜನ ಮಾಡಿದ್ದು. ವಿಎಫ್‌ಎಕ್ಸ್, ಅಂದ್ರೆ ಕಂಪ್ಯೂಟರ್ ದೃಶ್ಯಗಳ ಕೆಲಸ, ಎಂಪಿಸಿ ಕಂಪನಿಯದು, ಬೆಂಗಳೂರಿನವರ ಕೈ ಅದರಲ್ಲಿದೆ. ಲೈವ್ ಆಕ್ಷನ್, ಅಂದ್ರೆ ನಿಜವಾಗಿ ಕ್ಯಾಮೆರಾದಲ್ಲಿ ತೆಗೆದದ್ದು, ಅಂತ ಜನ ಕರೀತಾರೆ. ಗೋಲ್ಡನ್ ಗ್ಲೋಬ್ ಪ್ರಶಸ್ತಿಯವರು ಅದನ್ನ ಅನಿಮೇಶನ್ ವಿಭಾಗದಲ್ಲೇ ನಾಮನಿರ್ದೇಶನ ಮಾಡಿದ್ರು, ಅದು ಸರಿ.

ಇಮ್ರಾನ್, 8:29
ಬಟನ್ ಅಂದ್ರಲ್ಲ, ಒಂದು ಸಿಂಹ ಹೇಗಾಗುತ್ತೆ ಕೇಳಿ. ಮೊದಲು ಮಾಡೆಲ್. ಒಳಗೆ ಮೂಳೆ, ಮೇಲೆ ಸ್ನಾಯು, ಅದರ ಮೇಲೆ ಕೊಬ್ಬು, ಕೊನೆಗೆ ಚರ್ಮ. ರಿಗ್, ಅಂದ್ರೆ ಮೈ ಆಡಿಸೋ ಕಂಟ್ರೋಲುಗಳು, ಹಾಕಿದ ಮೇಲೆ ಅನಿಮೇಟರ್ ಕೈಯಿಂದಲೇ ನಡಿಗೆ ಕೊಡ್ತಾನೆ. ಆಮೇಲೆ ಸಿಮ್ಯುಲೇಶನ್, ಅಂದ್ರೆ ಮೈಯ ಅಲುಗಾಟವನ್ನ ಕಂಪ್ಯೂಟರ್ ಲೆಕ್ಕ ಹಾಕೋದು: ಹೆಗಲು ಮುಂದೆ ಬಂದಾಗ ಸ್ನಾಯು ಉಬ್ಬಬೇಕು, ಚರ್ಮ ಅದರ ಮೇಲೆ ಜಾರಬೇಕು, ಹೊಟ್ಟೆ ಅರ್ಧ ಹೆಜ್ಜೆ ತಡವಾಗಿ ಅಲ್ಲಾಡಬೇಕು. ಚರ್ಮ ಜಾರದಿದ್ರೆ ಸಿಂಹ ರಬ್ಬರ್ ಗೊಂಬೆ ಥರ ಕಾಣುತ್ತೆ.
ಕೂದಲಿನ ಕೆಲಸ, ಅಂದ್ರೆ ಗ್ರೂಮ್, ಬೇರೆ ಟೀಮು. ಅವರು ದಿಕ್ಕು ತೋರಿಸೋ ಕೆಲವೇ ಗೈಡ್ ಕೂದಲನ್ನ ಮಾತ್ರ ಬಾಚ್ತಾರೆ. ಗೈಡುಗಳ ನಡುವಿನ ಲಕ್ಷಗಟ್ಟಲೆ ಕೂದಲು ರೆಂಡರ್ ಹೊತ್ತಿಗೆ, ಅಂದ್ರೆ ಕಂಪ್ಯೂಟರ್ ಕೊನೆಯ ಚಿತ್ರ ತೆಗೆಯೋ ಹೊತ್ತಿಗೆ, ಹುಟ್ಟುತ್ತೆ. ಕಷ್ಟ ಬರೋದು ಎರಡು ಸಿಂಹ ತಲೆಗೆ ತಲೆ ಉಜ್ಜಿದಾಗ. ಇದರ ಕೇಸರ ಅದರ ಕೆನ್ನೆಯೊಳಗೆ ತೂರಿಬಿಡುತ್ತೆ. ಎರಡೂ ಮೈ ಒಂದಕ್ಕೊಂದು ಒತ್ತುವ ಹಾಗೆ ಕೊಲಿಶನ್ ಹಾಕಿ ಮತ್ತೆ ಸಿಮ್ ಓಡಿಸ್ಬೇಕು. ಅಷ್ಟಾದ್ಮೇಲೂ ಉಳಿದದ್ದನ್ನ ಫ್ರೇಮ್ ಫ್ರೇಮಾಗಿ ಕೈಯಲ್ಲೇ ತಿದ್ದಬೇಕು.

ನಾಗರಾಜ, 8:33
ಇಷ್ಟುದ್ದ ಯಾರು ಓದ್ತಾರೆ ಇಮ್ರಾನ್. ಸಿಂಹ ಅಂದ್ರೆ ಮೋಗ್ಲಿ ನೆನಪಾಯ್ತು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಡಿಸ್ನಿಯ ಮೋಗ್ಲಿ! ಆ ಹಾಡು! ಈಗಿನ ಮಕ್ಕಳಿಗೆ ಆ ಭಾಗ್ಯ ಇಲ್ಲ ಬಿಡಿ.

ಶ್ರುತಿ, 8:36
ಅದು ಡಿಸ್ನಿ ಅಲ್ಲ ನಾಗರಾಜ. 1989ರ ಜಪಾನಿನ ಸರಣಿ, ನಿಪ್ಪಾನ್ ಅನಿಮೇಶನ್‌ದು. ಹಿಂದಿ ಹಾಡು ಮಾತ್ರ ಗುಲ್ಜಾರ್, ವಿಶಾಲ್ ಭಾರದ್ವಾಜ್ ಇಲ್ಲಿ ಸೇರಿಸಿದ್ದು. ಡಿಸ್ನಿ ಕಾರ್ಟೂನ್ 1967ರದ್ದು, ಅದರ ಲೈವ್ ಆಕ್ಷನ್ ಬಂದದ್ದು 2016ರಲ್ಲಿ.

ನಾಗರಾಜ, 8:37
ನೆನಪಿಗೂ ಪ್ರೂಫ್ ಕೇಳ್ತೀಯಲ್ಲ ತಾಯಿ.

ಮೇಷ್ಟ್ರು, 8:50
ಎಲ್ಲರಿಗೂ ಶುಭೋದಯ. ಓದದೆ ಕಳಿಸುವುದು, ಕಳಿಸಿದ ಮೇಲೆ ಜಗಳ ಆಡುವುದು, ಎರಡೂ ವಿದ್ಯಾವಂತರ ಲಕ್ಷಣ ಅಲ್ಲ. ಗಿರೀಶ, ಅದನ್ನು ಅಳಿಸಯ್ಯ. ಇಮ್ರಾನ್, ನೀನು ಹೇಳಿದ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೆ ಅಷ್ಟು ಶ್ರಮಪಟ್ಟು ಕೊನೆಗೆ ಸಿಂಹದ ಮುಖದಲ್ಲಿ ಏನು ಉಳಿಯಿತು? 1994ರ ಕಾರ್ಟೂನಿನಲ್ಲಿ ಖಳ ಸಿಂಹ ಸ್ಕಾರ್‌ನ ಚಿತ್ರ ಬರೆದವರು ಅನಿಮೇಟರ್ ಆಂಡ್ರಿಯಾಸ್ ಡೇಜಾ. ಒಂದು ಹುಬ್ಬು ಮೇಲೆ, ಒಂದು ಕೆಳಗೆ, ತುಟಿ ಒಂದು ಕಡೆಗೆ ಎಳೆದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ಮೋಸ ಗೊತ್ತಾಗುತ್ತದೆ. ಹುಬ್ಬು ಸಿಂಹಕ್ಕಿಲ್ಲ, ನಿಜ. ಬರೆದವನು ಅದನ್ನು ಕೊಟ್ಟ. ನೀವು ಕಿತ್ತುಕೊಂಡಿರಿ.

ಇಮ್ರಾನ್, 8:58
ಸರ್, ಕಿತ್ತುಕೊಂಡದ್ದು ನಾವಲ್ಲ. ಡಾಕ್ಯುಮೆಂಟರಿ ಥರ ಕಾಣಬೇಕು ಅಂತ ಮೇಲಿನವರ ತೀರ್ಮಾನ. ರಿಗ್ಗಿನಲ್ಲಿ ಹುಬ್ಬಿನ ಕಂಟ್ರೋಲ್ ಇಡೋದು ಕಷ್ಟದ ಮಾತೇ ಅಲ್ಲ. ಆದ್ರೆ ನಿಜವಾದ ತುಪ್ಪಳ ಇರೋ ಮುಖದಲ್ಲಿ ಸ್ವಲ್ಪ ಜಾಸ್ತಿ ಎಳೆದ್ರೂ ನೋಡೋರಿಗೆ ಮೈ ಜುಮ್ಮೆನ್ನುತ್ತೆ. ಅದಕ್ಕೇ ಕಿವಿ, ಮೂಗಿನ ಹೊಳ್ಳೆ, ಉಸಿರು, ಕಣ್ಣಿನ ಪಾಪೆ, ಇಷ್ಟರಲ್ಲೇ ಅಭಿನಯ ಮುಗಿಸ್ಬೇಕು.

ಶ್ರುತಿ, 9:04
ಸರ್ ಹೇಳೋದರಲ್ಲಿ ತಥ್ಯ ಇದೆ ಇಮ್ರಾನ್. ಹಳೇದು 88 ನಿಮಿಷ, ಹೊಸದು 118. ಕಥೆ ಅದೇ, ಅರ್ಧ ಗಂಟೆ ಹೆಚ್ಚು. ಒಂದು ಗೆರೆಯಲ್ಲಿ ಆಗೋ ಭಾವಕ್ಕೆ ಇಲ್ಲಿ ಮಾತು ಬೇಕಾಯ್ತು, ಪ್ರಾಣಿ ನಡೆದು ಹೋಗೋ ಶಾಟ್ ಬೇಕಾಯ್ತು.

ಗಿರೀಶ, 9:06
ಅದನ್ನೇ ಅಲ್ವಾ ನಾನೂ ಹೇಳಿದ್ದು!

ಶ್ರುತಿ, 9:06
ಅಲ್ಲ. ನೀನು ಬಟನ್ ಅಂದೆ.

ವಿನಯ (ವ್ಯಾಂಕೂವರ್), 9:15
ನಮ್ಮಲ್ಲಿ ರಾತ್ರಿ. ಮೆಸೇಜ್ ಈಗ ನೋಡಿದೆ. ತಂತ್ರ ಒಂದೇ ಇದ್ರೂ ಡಿಸೈನಿನ ತೀರ್ಮಾನದಿಂದಲೇ ಸಿನಿಮಾ ಉಳಿಯುತ್ತೆ ಇಲ್ಲ ಕೆಡುತ್ತೆ. ಸಾನಿಕ್ ಸಿನಿಮಾ ನೋಡಿ, ಆ ನೀಲಿ ಮುಳ್ಳುಹಂದಿ ವಿಡಿಯೊ ಗೇಮಿನಿಂದ ಬಂದದ್ದಾದ್ರೂ ನಮ್ಮ ಪಾಠಕ್ಕೆ ಅದೇ ಸರಿ. 2019ರ ಏಪ್ರಿಲ್ 30ಕ್ಕೆ ಟ್ರೇಲರ್ ಬಂತು. ಸಣ್ಣ ಸಣ್ಣ ಬೇರೆ ಬೇರೆ ಕಣ್ಣು, ಮನುಷ್ಯರ ಹಲ್ಲು, ಕೈಗೆ ಗ್ಲೌಸ್ ಇಲ್ಲ. ಜನ ಬೈದ ಬೈಗುಳಕ್ಕೆ ನಿರ್ದೇಶಕರು ತಿದ್ದುತ್ತೇವೆ ಅಂತ ಒಪ್ಪಿಕೊಂಡ್ರು. ಕಲಾವಿದ ಟೈಸನ್ ಹೆಸ್ಸೆ ಮುಂದೆ ನಿಂತು ಡಿಸೈನ್ ಬದಲಾಯಿಸಿದ್ರು. ನವೆಂಬರ್ 8ಕ್ಕೆ ಬರಬೇಕಿದ್ದ ಸಿನಿಮಾ 2020ರ ಫೆಬ್ರವರಿ 14ಕ್ಕೆ ಹೋಯ್ತು. ಕಣ್ಣು ದೊಡ್ಡದಾಯ್ತು, ಹಲ್ಲು ಸರಿಯಾಯ್ತು, ಬಿಳಿ ಗ್ಲೌಸ್ ವಾಪಸ್ ಬಂತು. ಆಮೇಲೆ ಜನ ಒಪ್ಪಿಕೊಂಡ್ರು.
ಮುಖ ಬದಲಾದ್ರೆ ರಿಗ್, ಗ್ರೂಮ್, ಆಗಿರೋ ಅನಿಮೇಶನ್, ಲೈಟಿಂಗ್ ಎಲ್ಲಾ ಮತ್ತೆ ಮುಟ್ಟಬೇಕು. ಅದಕ್ಕೇ ಮೇಷ್ಟ್ರು ಹೇಳೋ ಹುಬ್ಬಿನ ಜಗಳ ಪೆನ್ಸಿಲ್ ಹಂತದಲ್ಲೇ ಆಡಿ ಮುಗಿಸ್ಬೇಕು.

ಮೇಷ್ಟ್ರು, 9:19
ಪೆನ್ಸಿಲ್ ಎಂದನಲ್ಲ ವಿನಯ, ಸಂತೋಷ.

ವಿನಯ, 9:27
2025ರ ಲಿಲೊ ಅಂಡ್ ಸ್ಟಿಚ್‌ನಲ್ಲಿ ಇದನ್ನೇ ಸರಿಯಾಗಿ ಮಾಡಿದ್ರು. ಅನ್ಯಗ್ರಹದ ಪ್ರಾಣಿ ಸ್ಟಿಚ್‌ನ ದೊಡ್ಡ ತಲೆ, ಅಗಲ ಬಾಯಿ, ಉದ್ದ ಕಿವಿ, 2002ರ ಕಾರ್ಟೂನಿನಲ್ಲಿ ಇದ್ದ ಹಾಗೇ ಇಟ್ಟು ಮೇಲೆ ತುಪ್ಪಳ ಹೊದಿಸಿದ್ರು. ದನಿಯೂ ಅದೇ ಕ್ರಿಸ್ ಸ್ಯಾಂಡರ್ಸ್. ಗಳಿಕೆ 100 ಕೋಟಿ ಡಾಲರ್ ದಾಟಿತು. ಅದೇ ವರ್ಷದ ಸ್ನೋ ವೈಟ್ ಹಾಕಿದ ದುಡ್ಡೂ ತೆಗೆಯಲಿಲ್ಲ.
ಮನುಷ್ಯರ ಜೊತೆ ಪಾತ್ರ ನಿಲ್ಲಬೇಕಾದ್ರೆ ಸೆಟ್ಟಿನಲ್ಲೇ ಜಾಗ್ರತೆ ಬೇಕು. ಒಂದು ಟೇಕ್ ಸ್ಟಫಿ ಇಟ್ಟು, ಅಂದ್ರೆ ಪಾತ್ರದ ಅಳತೆಯ ತುಪ್ಪಳದ ಗೊಂಬೆ ಇಟ್ಟು. ಒಂದು ಟೇಕ್ ಅದಿಲ್ಲದೆ. ಒಂದು ಕ್ಲೀನ್ ಪ್ಲೇಟ್, ಯಾರೂ ಇಲ್ಲದ ಜಾಗ. ಆಮೇಲೆ ಸೆಟ್ಟಿನ ಬೆಳಕು, ಬಣ್ಣ ಹೊಂದಿಸೋಕೆ ಬೂದು ಚೆಂಡು, ಕನ್ನಡಿ ಚೆಂಡು, ಬಣ್ಣದ ಚಾರ್ಟು. ಸಂಜೆ ಬೆಳಕು ಹೋಗ್ತಿದೆ ಅಂತ ಕ್ಲೀನ್ ಪ್ಲೇಟ್ ಬಿಟ್ರೆ ಪೇಂಟ್ ಟೀಮು ಆಮೇಲೆ ಹಿನ್ನೆಲೆಯನ್ನ ತುಂಡು ತುಂಡಾಗಿ ಕಟ್ಟಬೇಕು.
ಎಲ್ಲಕ್ಕಿಂತ ಜಾಸ್ತಿ ಕೆಡೋದು ನೋಟ. ಮಗು ಎರಡಡಿ ದೂರದ ಪಾತ್ರವನ್ನ ನೋಡಬೇಕು, ಆದ್ರೆ ಅಲ್ಲಿ ಏನೂ ಇಲ್ಲ, ಕಣ್ಣು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತೆ. ಎರಡು ಕಣ್ಣಿನ ಪಾಪೆಗಳೂ ಹತ್ತಿರದ ವಸ್ತುವಿಗೆ ಒಳಗೆ ವಾಲ್ತವೆ, ದೂರದ್ದಕ್ಕೆ ವಾಲಲ್ಲ. ತಪ್ಪೇನು ಅಂತ ನೋಡೋರಿಗೆ ಹೇಳಕ್ಕೆ ಬರಲ್ಲ, ಆದ್ರೆ ಪಾತ್ರ ಅಲ್ಲಿಲ್ಲ ಅಂತ ಅನ್ನಿಸಿಬಿಡುತ್ತೆ. 2016ರ ಜಂಗಲ್ ಬುಕ್‌ನಲ್ಲಿ ಹುಡುಗನ ಎದುರು ಗೊಂಬೆ ಆಡಿಸೋರನ್ನ ನಿಲ್ಲಿಸಿದ್ದು ಇದಕ್ಕೇ.

ನಾಗರಾಜ, 9:31
ಮೋಗ್ಲಿ ವಾಪಸ್ ಬಂದ ನೋಡಿ.

ಗಿರೀಶ, 9:40
ಎಲ್ಲಾ ಸರಿ. ನನ್ನ ಮಗಳು ಈ ಕೋರ್ಸೇ ಬೇಕು ಅಂತಾಳೆ. 2025ರ ಫೆಬ್ರವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಮುಚ್ಚಿತು, ಬೆಂಗಳೂರಿನಲ್ಲಿ ಎಷ್ಟು ಜನ ಬೀದಿಗೆ ಬಂದ್ರು. ಹೆದರಿಕೆ ಆಗಲ್ವಾ? ಅದಕ್ಕೆ ಕಳಿಸಿದೆ. ಶ್ರುತಿಗೆ ತಪ್ಪು ಹಿಡಿಯೋದೊಂದೇ ಕೆಲಸ.

ಶ್ರುತಿ, 9:44
ಹೆದರಿಕೆ ನನಗೂ ಇದೆ ಗಿರೀಶ. ಆದ್ರೆ ಆ ಕಂಪನಿ ಮುಚ್ಚಿದ್ದು ಎಐಯಿಂದ ಅಲ್ಲ. ಕೊರೊನಾ ಆದ್ಮೇಲೆ ಚೇತರಿಸಿಕೊಳ್ಳಲಿಲ್ಲ, 2023ರಲ್ಲಿ ಹಾಲಿವುಡ್ ಬರಹಗಾರರು, ನಟರು ಮುಷ್ಕರ ಹೂಡಿದಾಗ ಹೊಸ ಕೆಲಸ ನಿಂತಿತು, ಕೈಯಲ್ಲಿ ದುಡ್ಡು ಉಳಿಯಲಿಲ್ಲ. ರೋಗ ಯಾವುದು ಅಂತ ತಪ್ಪು ಹೇಳಿದ್ರೆ ಮಗಳಿಗೆ ಕೊಡೋ ಸಲಹೆಯೂ ತಪ್ಪಾಗುತ್ತೆ. ರೋಟೊ, ಅಂದ್ರೆ ಫ್ರೇಮ್ ಫ್ರೇಮಾಗಿ ಆಕಾರದ ಅಂಚು ಬಿಡಿಸೋ ಕೆಲಸ, ಅದೊಂದನ್ನೇ ನಂಬಿಕೊಂಡು ಬರಬೇಡ ಅಂತ ಹೇಳು, ಅದರಲ್ಲಿ ಯಂತ್ರ ಈಗಾಗಲೇ ಕೈ ಹಾಕಿದೆ. ಅಂಗರಚನೆ, ಬೆಳಕು, ಡ್ರಾಯಿಂಗ್ ಕಲಿಯಲಿ.

ಮೇಷ್ಟ್ರು, 9:47
ಡ್ರಾಯಿಂಗ್ ಎಂದು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಗಿರೀಶ, ಮಗಳನ್ನು ನನ್ನ ಹತ್ತಿರ ಕಳಿಸು. ಭಾನುವಾರ ಬರಲಿ.

ಗಿರೀಶ, 9:49
ಆಯ್ತು ಸರ್. ಬರ್ತಾಳೆ.

ನಾಗರಾಜ, 9:52
ನಮ್ಮವರೂ ಮಾಡಿದ್ರಲ್ಲ, ಛೋಟಾ ಭೀಮ್. ಅದನ್ನ ಯಾಕೆ ಯಾರೂ ಮಾತಾಡಲ್ಲ?

ಇಮ್ರಾನ್, 9:59
ಹೈದರಾಬಾದಿನ ಗ್ರೀನ್ ಗೋಲ್ಡ್‌ದು, ರಾಜೀವ್ ಚಿಲಕಾ ನಿರ್ದೇಶನ, ಅನುಪಮ್ ಖೇರ್ ಇದ್ರು. 2012ರ ಅವರದೇ ಅನಿಮೇಶನ್ ಸಿನಿಮಾವನ್ನ 2024ರಲ್ಲಿ ನಿಜವಾದ ಮಕ್ಕಳನ್ನ ಇಟ್ಟು ಮತ್ತೆ ತೆಗೆದ್ರು. ಇಂಥ ಕಡೆ ಮೊದಲ ಕಷ್ಟ ಅಳತೆಯದ್ದು. ಕಾರ್ಟೂನ್ ಹುಡುಗನ ಎತ್ತರ ಹೆಚ್ಚುಕಮ್ಮಿ ಅವನ ತಲೆಯ ಮೂರರಷ್ಟು. ಒಂಬತ್ತು ವರ್ಷದ ನಿಜವಾದ ಹುಡುಗ ಆರು ತಲೆ ಎತ್ತರ. ಅದೇ ಪಂಚೆ, ಅದೇ ಬರಿ ಮೈ ಕೊಟ್ರೂ ಸಿಲೂಯೆಟ್, ಅಂದ್ರೆ ಹೊರ ಆಕಾರ, ಬೇರೆಯೇ. ಲಾಡು ತಿಂದು ಬಲ ಬರೋದನ್ನ ಕಾರ್ಟೂನು ಕೆನ್ನೆ ಉಬ್ಬಿಸಿ ಒಂದು ಕ್ಷಣದಲ್ಲಿ ಹೇಳುತ್ತೆ. ಇಲ್ಲಿ ಅದಕ್ಕೆ ತಂತಿ, ಎಫೆಕ್ಟ್, ಎದುರು ಬೀಳೋ ಫೈಟರು ಎಲ್ಲಾ ಬೇಕು.

ಭಾರತಿ, 10:10
ಎಲ್ಲರೂ ಕಣ್ಣಿನ ಮಾತೇ ಆಡ್ತಿದೀರಿ, ಕಿವಿ ಮಾತು ನಾನು ಹೇಳ್ತೀನಿ. 2019ರ ಸಿಂಹಗಳಲ್ಲಿ ಮುಫಾಸಾ ಹಿಂದಿಯಲ್ಲಿ ಶಾರುಖ್ ದನಿಯಲ್ಲಿ ಮಾತಾಡ್ತು, ಸಿಂಬಾ ತೆಲುಗಿನಲ್ಲಿ ನಾನಿ, ತಮಿಳಿನಲ್ಲಿ ಸಿದ್ಧಾರ್ಥ್ ದನಿಯಲ್ಲಿ. ಕನ್ನಡದಲ್ಲಿ ಯಾವುದೂ ಮಾತಾಡಲೇ ಇಲ್ಲ. ಡಬ್ಬಿಂಗ್ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತ್ತು. ಈ ಗುಂಪಿನಲ್ಲೇ ಡಬ್ಬಿಂಗ್ ಬೇಡ ಅಂತ ಪೋಸ್ಟರ್ ಹಾಕಿದ್ದು ಯಾರು ನಾಗರಾಜ?

ನಾಗರಾಜ, 10:12
ಅಕ್ಕ, ಅದು ದೊಡ್ಡವರ ಸಿನಿಮಾಕ್ಕೆ ಹೇಳಿದ್ದು. ನಮ್ಮ ಕಲಾವಿದರ ಹೊಟ್ಟೆಪಾಡು ನೋಡ್ಬೇಕಲ್ವಾ. ಮಕ್ಕಳ ಕಾರ್ಟೂನು ಚಿಂಟು ಟಿವಿಯಲ್ಲಿ ಕನ್ನಡದಲ್ಲೇ ಬರ್ತಿತ್ತಲ್ಲ.

ಭಾರತಿ, 10:20
ಬರ್ತಿತ್ತು, ಆ ದನಿಗಳೂ ಕಲಾವಿದರದ್ದೇ ಕಣಪ್ಪ, ಅವರಿಗೂ ಹೊಟ್ಟೆ ಇದೆ. ಕನ್ನಡ ಕೂರಲ್ಲ ಅನ್ನೋ ನೆಪವೂ ಇಲ್ಲಿ ನಡೆಯಲ್ಲ. ಮನುಷ್ಯರ ತುಟಿ ಕ್ಲೋಸಪ್ಪಿನಲ್ಲಿ ಪ, ಬ, ಮ ಎಲ್ಲಿ ಮುಚ್ಚುತ್ತೋ ಅಲ್ಲೇ ನಮ್ಮ ಪದದಲ್ಲೂ ಅದೇ ಅಕ್ಷರ ಬೀಳಬೇಕು, ಅದು ನಿಜವಾದ ಕಷ್ಟ. ಈ ಸಿಂಹದ ತುಟಿ ಅಷ್ಟು ಮುಚ್ಚಲ್ಲ, ದವಡೆ ಮಾತ್ರ ಆಡುತ್ತೆ. ಸಿಂಹಕ್ಕೆ ಕನ್ನಡ ಹಾಕೋದು ಹಾಲಿವುಡ್ ನಟ ವಿಲ್ ಸ್ಮಿತ್‌ಗೆ ಹಾಕೋದಕ್ಕಿಂತ ಸುಲಭ.

ನಾಗರಾಜ, 10:24
ಹಾಗಾದ್ರೆ ಒಂದು ಸೀನ್ ಕೊಡಿ ಅಕ್ಕ, ನಾನೇ ಬರೀತೀನಿ.

ಭಾರತಿ, 10:33
ಕೊಡ್ತೀನಿ. ಮೊದಲು ಸೌಂಡ್ ಮ್ಯೂಟ್ ಮಾಡಿ ನೋಡು. ದವಡೆ ಎಷ್ಟು ಸಲ ತೆರೆಯುತ್ತೆ ಎಣಿಸು, ಉಸಿರು ಎಲ್ಲಿ ಅಂತ ಗುರುತು ಹಾಕ್ಕೋ. ಆಮೇಲೆ ಇಂಗ್ಲಿಷ್ ಸಾಲು ಓದು. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂಚೆ ಬರುತ್ತೆ, ನಮ್ಮದರಲ್ಲಿ ಕೊನೆಗೆ. ಅದಕ್ಕೇ ಮುಖ್ಯ ಪದ ಬೀಳೋ ಹೊತ್ತಿಗೆ ತಲೆ ಆಗಲೇ ತಿರುಗಿ ಹೋಗಿರುತ್ತೆ. ಅಂಥ ಕಡೆ 'ಬೇಡ ಅಲ್ಲಿಗೆ' ಅಂತ ತಿರುಗಿಸಿ ಬರಿ, ಆಡುಮಾತಿನಲ್ಲಿ ಅದು ಸಹಜ. ಬಾಯಿ ತೆರೆದೇ ಸಾಲು ಮುಗಿಯೋದಾದ್ರೆ ಆ ಅಥವಾ ಓ ಬರೋ ಪದದಲ್ಲಿ ನಿಲ್ಲಿಸು. ಪುಸ್ತಕದ ಕನ್ನಡ ಬೇಡ, ಮಕ್ಕಳು ಕೇಳೋದು. ಎಂಟು ಸಾಲು ಸಾಕು, ಬುಧವಾರದೊಳಗೆ ಬರೆದು ನೀನೇ ಓದಿ ವಾಯ್ಸ್ ನೋಟ್ ಹಾಕು. ಕೂರದೇ ಇರೋ ಕಡೆ ನಾನು ಹೇಳ್ತೀನಿ.