ಮುನ್ಸಿಯಾರಿಯಿಂದ ತಂದ ಜಂಬು, ಹೇಗೆ ಬಳಸೋದು?

ಗುಡ್ಡಗಾಡು_ಗಿರಾಕಿ: ಉತ್ತರಾಖಂಡದ ಮುನ್ಸಿಯಾರಿಲಿ ಜಂಬು ಅಂತ ಒಂದು ಪೊಟ್ಟಣ ಕೊಟ್ರು, ನೋಡಕ್ಕೆ ಒಣಹುಲ್ಲಿನ ಚೂರು ಥರ ಇದೆ ಆದ್ರೆ ಮೂಸಿದ್ರೆ ಬೆಳ್ಳುಳ್ಳಿ ಘಮ, ಇದೇನು ಸೊಪ್ಪಾ ಬೇರಾ? ಬೆಂಗಳೂರಲ್ಲಿ ಕುಂಡದಲ್ಲಿ ಬೆಳೀಬಹುದಾ?

ಸಾರುಪ್ರಿಯೆ: ಅದು ಕಾಡು ಈರುಳ್ಳಿ ಜಾತಿ ರೀ, ಅಲಿಯಂ ಸ್ಟ್ರಾಚೆಯಿ. ಗಡ್ಡೆ ಅಲ್ಲ, ಎಲೆ-ಹೂವು ಒಣಗಿಸಿಟ್ಟಿರ್ತಾರೆ. ಒಗ್ಗರಣೆಗೆ ಮಾತ್ರ. ತುಪ್ಪ ಕಾದ್ಮೇಲೆ ಒಂದೇ ಚಿಟಿಕೆ ಹಾಕಿ, ಬಣ್ಣ ತಿರುಗ್ತಿದ್ದಂಗೆ ತೆಗೆದು ಸಾರಿಗೆ ಸುರೀರಿ, ಒಂದು ಕ್ಷಣ ಜಾಸ್ತಿ ಆದ್ರೂ ಸೀದು ಕಹಿ. ಕುಮಾಊಂನವ್ರು, ಅಂದ್ರೆ ಮುನ್ಸಿಯಾರಿ ಸೀಮೆಯವ್ರು, ಗಹತ್ ದಾಲ್‌ಗೆ ಹಾಕ್ತಾರೆ, ಗಹತ್ ಅಂದ್ರೆ ನಮ್ಮ ಹುರುಳಿನೇ, ಹಾಗಾಗಿ ಹುರುಳಿ ಸಾರಿಗೆ ಕಣ್ಮುಚ್ಚಿ ಹಾಕಿ. ಇಂಗು ಬೇಡ, ಎರಡೂ ಜಗಳ ಆಡ್ತವೆ.

ಮಣ್ಣುಮಸಿ: ಕುಂಡದ ಆಸೆ ಬಿಡಿ ಗುರು, ಚಳಿಗಾಲದಲ್ಲಿ ಹಿಮದಡಿ ಮಲಗಿ ಬೇಸಿಗೆಲಿ ಚಿಗುರೋ ಗಿಡ ಅದು. ಅಲ್ಲಿನ ಭೋಟಿಯಾ ಬುಡಕಟ್ಟಿನ ಜನ ಎತ್ತರದ ಹಳ್ಳಿಗಳಲ್ಲಿ ಹಿತ್ತಲಲ್ಲೂ ಬೆಳೀತಾರೆ, ಕಾಡಿಂದು ಕಿತ್ತೂ ಕಿತ್ತೂ ಕಮ್ಮಿ ಆಗಿದೆ.

ಟ್ರೆಕ್ಕಿಂಗ್_ತಮ್ಮಯ್ಯ: ನೇಪಾಳದ ಮುಸ್ತಾಂಗಲ್ಲೂ ಜಂಬು ಸಿಗತ್ತೆ, ಆದ್ರೆ ಜಾತಿ ಬೇರೆ, ಅಲ್ಲಿ ಉದ್ದಿನ ದಾಲ್‌ಗೆ ಹಾಕ್ತಾರೆ. ಗಾಳಿಯಾಡದ ಗಾಜಿನ ಡಬ್ಬಿಲಿಡಿ, ಇಲ್ಲಾಂದ್ರೆ ನಮ್ಮ ಮಳೆಗಾಲಕ್ಕೆ ಘಮ ಹೋಗತ್ತೆ.