ಬಿಷಪ್ಪರ ಅರಮನೆ ನೋಡೋಕೆ ಹೋದ್ರೆ ಬರೀ ಹುಲ್ಲು! ಕಲ್ಲೆಲ್ಲ ಎಲ್ಲಿ ಹೋದವು?

ದುರ್ಗದ ಮೇಷ್ಟ್ರು:
ಮಗಳು ಇಂಗ್ಲೆಂಡಿನ ಲಿಂಕನ್‌ನಲ್ಲಿದ್ದಾಳೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ಪಕ್ಕದಲ್ಲೇ ನೆಟಲ್‌ಹ್ಯಾಮ್ ಅಂತ ಹಳ್ಳಿ. ‘ಅಪ್ಪಾಜಿ, ಇಲ್ಲಿ ಬಿಷಪ್ಪರ ಅರಮನೆ ಇತ್ತು, ಬನ್ನಿ’ ಅಂದಳು. 1301ರಲ್ಲಿ ಒಂದನೇ ಎಡ್ವರ್ಡ್ ದೊರೆ ತಂಗಿದ್ದ ಜಾಗವಂತೆ. ಮಗನಿಗೆ ವೇಲ್ಸ್ ರಾಜಕುಮಾರನ ಪಟ್ಟ ಕಟ್ಟಿದ್ದೂ ಆಗಲೇ. ಹೋಗಿ ನೋಡಿದರೆ ಏರುತಗ್ಗಿನ ಹುಲ್ಲುಗಾವಲು! ಒಂದು ಕಲ್ಲೂ ಕಾಣಲಿಲ್ಲ.

ನಮ್ಮ ಕೋಟೆಯಲ್ಲಿ 1779ರಲ್ಲಿ ಹೈದರಾಲಿ ಗೆದ್ದ ಮೇಲೂ ಪಾಳೇಗಾರರ ಕಾಲದ ಮಣ್ಣಿನ ಗೋಡೆಗಳು ಹಾಗೇ ನಿಂತಿವೆ. ಮಣ್ಣು ಉಳಿದು ಕಲ್ಲು ಮಾಯ ಆಗೋದು ಹೇಗೆ?

ಬೆಣ್ಣೆದೋಸೆ:
ಕಲ್ಲಾಗಿದ್ದಕ್ಕೇ ಹೋಯ್ತು ಸಾರ್! ನಾನೂ ಲಿಂಕನ್‌ನಲ್ಲೇ ಇದ್ದೆ, ಊರು ದಾವಣಗೆರೆ. ಲಿಂಕನ್ ಬಿಷಪ್ಪರ ಸೀಮೆ ಥೇಮ್ಸ್ ನದಿವರೆಗೂ ಇತ್ತು. ಅದಕ್ಕೇ ನಮ್ಮ ಮಠಗಳಿಗೆ ಶಾಖಾಮಠ ಇದ್ದ ಹಾಗೆ ಅಲ್ಲಲ್ಲಿ ಮನೆ. ಪರಿವಾರದ ಸಮೇತ ಬರೋದು, ಅಲ್ಲಿಯ ಬೆಳೆ ಉಣ್ಣೋದು, ಮುಂದಿನ ಊರಿಗೆ ಹೊರಡೋದು. 1536ರಲ್ಲಿ ಎಂಟನೇ ಹೆನ್ರಿ ವಿರುದ್ಧ ಜನ ದಂಗೆ ಎದ್ದಾಗ ಈ ಮನೆಗೆ ನುಗ್ಗಿ ಹಾಳುಮಾಡಿದರು. ಆಮೇಲೆ ಪಾಳು. 1630ರ ಸುಮಾರಿಗೆ ಕೆಡವಿ, ಲಿಂಕನ್ ಪೇಟೆಯಲ್ಲಿದ್ದ ಬಿಷಪ್ಪರ ಅರಮನೆ ರಿಪೇರಿಗೆ ಕಲ್ಲು ಸಾಗಿಸಿದರು. ನೀವು ಹೋಗಿದ್ದು ಮಧ್ಯಾಹ್ನ ಇರಬೇಕು. ಇಳಿಬಿಸಿಲಲ್ಲಿ ನೋಡಬೇಕು. ಆ ಏರುತಗ್ಗುಗಳ ನೆರಳು ಬಿದ್ದಾಗ ಅಂಗಳ, ತೋಟದ ಮೆಟ್ಟಿಲು ಎಲ್ಲ ಗೆರೆ ಎಳೆದಂಗೆ ಕಾಣ್ತವೆ.

ಜಗಳೂರು ರೈತ:
ಇದು ನಮಗೂ ಗೊತ್ತಿರೋದೇ. ನಮ್ಮ ಶೇಂಗಾ ಹೊಲದಲ್ಲಿ ಒಂದು ಪಟ್ಟೆ ಇದೆ, ಮಳೆ ಕೈಕೊಟ್ಟ ವರ್ಷ ಅದೇ ಮೊದಲು ಬಾಡೋದು. ನೇಗಿಲು ಹಾಕಿದರೆ ಟಣ್ ಅನ್ನುತ್ತೆ, ಅಡಿಯಲ್ಲಿ ಹಳೇ ಪಾಯ. ಬೇರಿಗೆ ಮಣ್ಣು ಸಾಲದು, ಅಷ್ಟೇ. ಹಳೇ ಗುಂಡಿ ಮುಚ್ಚಿದ ಕಡೆ ತೇವ ಜಾಸ್ತಿ, ಅಲ್ಲಿ ಗಿಡ ಹಸಿರು. ವಿಮಾನದಿಂದ ಫೋಟೋ ತೆಗೆದು ಹಳೇ ಮನೆ ಹುಡುಕೋದು ಇದನ್ನೇ ನೋಡಿ. ಮೇಷ್ಟ್ರೇ, ಮಣ್ಣು ಉಳಿಯುತ್ತೆ ಅಂತೇನಿಲ್ಲ. ನಮ್ಮಜ್ಜ ಹಾಳೂರಿನ ಗೋಡೆಮಣ್ಣನ್ನ ಗಾಡಿಗಟ್ಟಲೆ ಹೊಲಕ್ಕೆ ಹೊಡೆದಿದ್ದ. ನಿಮ್ಮ ಕೋಟೆ ಗುಡ್ಡದ ಮೇಲಿದೆ, ಗಾಡಿ ಹತ್ತಲ್ಲ, ಅದಕ್ಕೇ ಬಚಾವ್!

ದುರ್ಗದ ಮೇಷ್ಟ್ರು:
ಗಾಡಿ ಹತ್ತಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ ನೋಡಿ. ಸಂಜೆ ಹೋಗಿ ಫೋಟೋ ತೆಗೆದು ಕಳಿಸು ಅಂತ ಮಗಳಿಗೆ ಹೇಳಿದೀನಿ. ಮೂರು ದಿನದಿಂದ ಒಂದೇ ಉತ್ತರ: ‘ಬಿಸಿಲೇ ಇಲ್ಲ ಅಪ್ಪಾಜಿ.’